ಹಳೇ ಪಿಕಪ್ಪಿನ ಮೈಲೇಜು ಪುಸ್ತಕದಲ್ಲಿರಲಿ

ಬಂಗಾರಪೇಟೆಯಲ್ಲಿ ಬಾಡಿಗೆಗೆ ಕಾಯುತ್ತ ನಿಂತ ಯಾವ ಪಿಕಪ್ಪಿನವರನ್ನು ಬೇಕಾದರೂ ಕೇಳಿ ನೋಡಿ, ಗಾಡಿ ಎಷ್ಟು ಮೈಲೇಜ್ ಕೊಡುತ್ತದೆ ಅಂತ. ಒಬ್ಬರು ಹದಿಮೂರು ಅನ್ನುತ್ತಾರೆ, ಪಕ್ಕದವರು ಹದಿನಾಲ್ಕಕ್ಕೆ ಕಡಿಮೆ ಇಲ್ಲ ಅನ್ನುತ್ತಾರೆ. ಯಾವಾಗ ಅಳೆದಿರಿ ಎಂದು ಕೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಗಾಡಿ ಕೊಂಡಾಗ ಯಾರೋ ಹೇಳಿದ ಅಂಕಿ ಅದು. ಹತ್ತು ಹನ್ನೆರಡು ವರ್ಷದಲ್ಲಿ ಎಂಜಿನ್ ಸವೆದಿದೆ, ಟೈರ್ ಎಷ್ಟೋ ಸಲ ಬದಲಾಗಿವೆ, ಡೀಸೆಲ್ ದರ ಎಲ್ಲಿಂದ ಎಲ್ಲಿಗೋ ಹೋಗಿದೆ, ಆ ಅಂಕಿ ಮಾತ್ರ ಕದಲಿಲ್ಲ. ಅದೇ ಅಂಕಿಯ ಮೇಲೆ ಬಾಡಿಗೆ ಮಾತಾಡುತ್ತಾರೆ, ಅದೇ ಅಂಕಿಯ ಮೇಲೆ ಕಂತಿನ ಲೆಕ್ಕ ಹಾಕುತ್ತಾರೆ. ತಿಂಗಳ ಕೊನೆಗೆ ಕೈಯಲ್ಲಿ ದುಡ್ಡು ನಿಲ್ಲದಿದ್ದಾಗ ಡೀಸೆಲ್ ದರವನ್ನು ಬೈಯುತ್ತಾರೆ. ದರವನ್ನು ಬೈಯುವುದರಲ್ಲಿ ತಪ್ಪಿಲ್ಲ. ಆದರೆ ಗಾಡಿ ಎಷ್ಟು ಕುಡಿಯುತ್ತಿದೆ ಎಂದು ತಿಳಿಯದೆ ಬೈದರೆ ಅರ್ಧ ಕಾರಣ ನಮ್ಮ ಮನೆಯಂಗಳದಲ್ಲೇ ನಿಂತಿರುತ್ತದೆ.

ನಮ್ಮದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ. ನಮ್ಮ ಯಜಮಾನರು ಸ್ಟೇರಿಂಗ್ ಹಿಡಿಯುತ್ತಾರೆ, ನಾನು ಪುಸ್ತಕ ಹಿಡಿಯುತ್ತೇನೆ. ಮದುವೆಗೆ ಮುಂಚೆ ಬಂಗಾರಪೇಟೆಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಆ ಅಭ್ಯಾಸ ಹೋಗಲಿಲ್ಲ. ನಮ್ಮ ಗಾಡಿ ಹಳೆಯ ಬೊಲೆರೊ ಪಿಕಪ್, ಎರಡೂವರೆ ಲೀಟರ್ ಎಂಜಿನ್ನು, ಒಂದೂಕಾಲು ಟನ್ ಪಾಸಿಂಗ್. ಬೇತಮಂಗಲ, ಕಾಮಸಮುದ್ರ, ಬೂದಿಕೋಟೆ ಕಡೆಯ ಹಳ್ಳಿಗಳಿಂದ ಟೊಮೆಟೊ, ಬೀನ್ಸ್, ಕೋಸು ತುಂಬಿಕೊಂಡು ಕೋಲಾರ ಎಪಿಎಂಸಿಗೆ ಹೋಗುತ್ತದೆ. ಬರುವಾಗ ಸಿಕ್ಕಿದರೆ ಬಂಗಾರಪೇಟೆಯ ಸಗಟು ಅಂಗಡಿಗಳಿಂದ ಆಂಡರ್ಸನ್‌ಪೇಟೆ, ಎಂ.ಜಿ. ಮಾರ್ಕೆಟ್ಟಿನ ದಿನಸಿ ಅಂಗಡಿಗಳಿಗೆ ಮೂಟೆ ತರುತ್ತದೆ. ಸಿಗದಿದ್ದರೆ ಖಾಲಿ ಬರುತ್ತದೆ.

ನಮ್ಮ ಮಾವನವರು ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಗಣಿಯಲ್ಲಿ ದಿನ ಬೆಳಗಾದರೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಒಂದು ಟನ್ ಕಲ್ಲಿಗೆ ಎಷ್ಟು ಗ್ರಾಂ ಚಿನ್ನ? ಮೊದಲ ಕಾಲದಲ್ಲಿ ಟನ್ನಿಗೆ ನಲವತ್ತು ಗ್ರಾಮಿಗೂ ಮೇಲೆ ಸಿಗುತ್ತಿದ್ದದ್ದು ಕೊನೆಕೊನೆಗೆ ಮೂರು ಗ್ರಾಮಿನ ಆಸುಪಾಸಿಗೆ ಇಳಿದಿತ್ತು. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿ ಮುಚ್ಚಿದ್ದು ಸರಿಯೋ ತಪ್ಪೋ ಎಂಬ ಜಗಳ ನಮ್ಮೂರಲ್ಲಿ ಇವತ್ತಿಗೂ ಮುಗಿದಿಲ್ಲ, ಅದನ್ನು ಇಲ್ಲಿ ಎತ್ತುವುದಿಲ್ಲ. ನಾನು ಹೇಳಬೇಕಾದ್ದು ಇಷ್ಟು: ಟನ್ನಿಗೆ ಎಷ್ಟು ಗ್ರಾಂ ಎನ್ನುವ ಲೆಕ್ಕ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದ ಊರಿದು. ಇಂಥ ಊರಿನಲ್ಲಿ, ಗಣಿ ಹೋದ ಮೇಲೆ ಬಾಡಿಗೆ ಗಾಡಿಯನ್ನೇ ನಂಬಿದ ಮನೆಗಳು, ಲೀಟರಿಗೆ ಎಷ್ಟು ಎನ್ನುವ ಲೆಕ್ಕವನ್ನು ಬಾಯಿಮಾತಿಗೆ ಬಿಟ್ಟಿರುವುದು ನನಗೆ ಸಂಕಟದ ವಿಷಯ.

ದರದ ಮಾತು ಮೊದಲೇ ಮುಗಿಸಿಬಿಡುತ್ತೇನೆ. 2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ದರದ ಮೇಲಿನ ಹಿಡಿತ ಬಿಟ್ಟಿತು. 2017ರ ಜೂನ್‌ನಿಂದ ದರ ದಿನಾ ಬದಲಾಗುವ ಪದ್ಧತಿ ಬಂತು. ನಮ್ಮ ರಾಜ್ಯ 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್ 1ರಂದು ಇನ್ನೊಮ್ಮೆ ಮಾರಾಟ ತೆರಿಗೆ ಏರಿಸಿತು. ಎರಡನೆಯ ಸಲ ಶೇ 18.44 ಇದ್ದದ್ದು ಶೇ 21.17 ಆಗಿ, ಲೀಟರ್ 91 ರೂಪಾಯಿ ದಾಟಿತು. ಅದೇ ತಿಂಗಳು ಲಾರಿ ಮಾಲೀಕರು ಮುಷ್ಕರ ಹೂಡಿದರು. ಮುಷ್ಕರ ಹೂಡಲು ಅವರಿಗೆ ಸಂಘ ಇದೆ. ಒಂದೇ ಒಂದು ಹಳೇ ಪಿಕಪ್ ಇಟ್ಟುಕೊಂಡು, ಗಂಡ ಡ್ರೈವರು, ಮಗನೋ ಬಾವಮೈದುನನೋ ಕ್ಲೀನರು ಆಗಿರುವ ನಮ್ಮಂಥವರ ಕೈಗೆ ನಿಲುಕುವುದು ದರವಲ್ಲ, ಡೀಸೆಲ್ ಟ್ಯಾಂಕಿನ ಬಾಯಿ ಮಾತ್ರ.

ಈಗ ಅಳೆಯುವ ವಿಷಯ. ಇದರಲ್ಲಿ ಬೇಕಾದ್ದು ತಾಳ್ಮೆ. ಇನ್ನೂರು ರೂಪಾಯಿಗೆ, ಐನೂರು ರೂಪಾಯಿಗೆ ಹಾಕಿಸಿಕೊಂಡು ಓಡಿಸುವವರಿಗೆ ಮೈಲೇಜ್ ಅಳೆಯಲು ಆಗುವುದೇ ಇಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ನಂಬುವಂಥದ್ದಲ್ಲ. ಹಳೇ ಗಾಡಿಯ ಮುಳ್ಳು ಏರಿನಲ್ಲಿ ಒಂದು ಹೇಳುತ್ತದೆ, ಇಳಿಜಾರಿನಲ್ಲಿ ಇನ್ನೊಂದು. ದಾರಿ ಒಂದೇ: ಟ್ಯಾಂಕ್ ಫುಲ್ ಮಾಡಿಸಿ, ಮೀಟರ್ ಬರೆದುಕೊಂಡು, ಓಡಿಸಿ, ಮತ್ತೆ ಫುಲ್ ಮಾಡಿಸುವುದು. ಎರಡನೆಯ ಸಲ ಎಷ್ಟು ಲೀಟರ್ ಹಿಡಿಯಿತೋ ಅಷ್ಟೇ ಗಾಡಿ ಕುಡಿದದ್ದು. ನಡುವೆ ಓಡಿದ ಕಿಲೋಮೀಟರನ್ನು ಆ ಲೀಟರಿನಿಂದ ಭಾಗಿಸಿದರೆ ಮೈಲೇಜು.

ಹೇಳುವುದು ಸುಲಭ, ಎಡವುವುದು ‘ಫುಲ್’ ಎಂಬುದರಲ್ಲೇ. ಡೀಸೆಲ್ ನೊರೆ ಬರುವ ಎಣ್ಣೆ. ಪಂಪಿನ ಹುಡುಗ ಜೋರಾಗಿ ಬಿಟ್ಟರೆ ನೊರೆ ಮೇಲೆ ಬಂದು ಗನ್ನು ತಾನಾಗಿ ಕಟ್ ಆಗುತ್ತದೆ, ಟ್ಯಾಂಕಿನಲ್ಲಿ ಇನ್ನೂ ಜಾಗ ಉಳಿದಿರುತ್ತದೆ. ಇನ್ನೊಂದು ದಿನ ನಿಧಾನವಾಗಿ ಬಿಟ್ಟು ಕತ್ತಿನ ತನಕ ತುಂಬಿದರೆ ಲೀಟರುಗಟ್ಟಲೆ ವ್ಯತ್ಯಾಸ. ಅದಕ್ಕೇ ಒಂದೇ ಬಂಕು, ಅದರಲ್ಲೂ ಅದೇ ಪಂಪು, ಗಾಡಿ ನಿಲ್ಲುವ ಜಾಗವೂ ಅದೇ ಇರಲಿ. ನೆಲ ಸ್ವಲ್ಪ ವಾಲಿದ್ದರೂ ಪಿಕಪ್ಪಿನ ಟ್ಯಾಂಕ್ ಬೇರೆ ಲೆಕ್ಕ ತೋರಿಸುತ್ತದೆ. ನಿಧಾನವಾಗಿ ಬಿಡಿಸಿ, ಮೊದಲ ಕಟ್ ಆದ ಮೇಲೆ ನೊರೆ ಇಳಿಯಲು ಒಂದು ನಿಮಿಷ ಬಿಟ್ಟು, ಇನ್ನೊಂದು ಕಟ್‌ಗೆ ನಿಲ್ಲಿಸಿ. ಪ್ರತಿ ಸಲವೂ ಹೀಗೇ. ಲೋಡ್ ಇರುವಾಗ ಒಮ್ಮೆ, ಖಾಲಿ ಇರುವಾಗ ಒಮ್ಮೆ ತುಂಬಿಸಬೇಡಿ. ಪಟ್ಟಿ ಕುಗ್ಗಿ ಗಾಡಿ ಹಿಂದಕ್ಕೆ ಕೂತಿರುವಾಗ ಟ್ಯಾಂಕಿನ ಓರೆಯೂ ಬದಲಾಗಿರುತ್ತದೆ.

ಹತ್ತು ಲೀಟರಿನ ಮೇಲೆ ಅಳೆಯುವವರಿಗೆ ಇನ್ನೊಂದು ಮಾತು. ತುಂಬಿಸುವುದರಲ್ಲಿ ಒಂದು ಲೀಟರ್ ಹೆಚ್ಚುಕಮ್ಮಿಯಾದರೆ ಹತ್ತು ಲೀಟರಿನಲ್ಲಿ ಅದು ಶೇ 10ರ ತಪ್ಪು. ನಲವತ್ತು ಲೀಟರಿನಲ್ಲಿ ಶೇ 2.5 ಮಾತ್ರ. ಟ್ಯಾಂಕ್ ಮುಕ್ಕಾಲು ಭಾಗ ಖಾಲಿಯಾಗುವವರೆಗೆ ಓಡಿಸಿ ಅಳೆಯಿರಿ, ಒಂದು ಟ್ಯಾಂಕಿನ ಅಂಕಿಯನ್ನು ನಂಬಬೇಡಿ, ಮೂರು ನಾಲ್ಕು ಟ್ಯಾಂಕಿನ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಆಗ ಬರುವುದೇ ನಿಮ್ಮ ಗಾಡಿಯ ನಿಜ.

ಬೆಳಗಿನ ಜಾವ ಡೀಸೆಲ್ ತಣ್ಣಗಿರುತ್ತದೆ, ಆಗ ಹಾಕಿಸಿದರೆ ಜಾಸ್ತಿ ಬರುತ್ತದೆ ಎಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಬಂಕಿನ ಟ್ಯಾಂಕು ನೆಲದೊಳಗೆ ಇರುತ್ತದೆ, ಹಗಲು ರಾತ್ರಿಗೆ ಅದರ ಬಿಸಿ ಹೆಚ್ಚು ಏರಿಳಿಯುವುದಿಲ್ಲ. ಹತ್ತು ಡಿಗ್ರಿ ಏರಿಳಿದರೂ ಡೀಸೆಲ್ ಹಿಗ್ಗುವುದು ನೂರಕ್ಕೆ ಒಂದು ಪಾಲಿಗೂ ಕಡಿಮೆ. ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳುವ ಬದಲು, ಅಳತೆಯ ಮೇಲೆ ಅನುಮಾನ ಬಂದರೆ ಬಂಕಿನಲ್ಲಿರುವ ಐದು ಲೀಟರಿನ ಅಳತೆ ಡಬ್ಬ ತರಿಸಿ ನಿಮ್ಮೆದುರಿಗೆ ಹಿಡಿಸಿ. ಅದು ಗ್ರಾಹಕರ ಹಕ್ಕು. ಐದು ಲೀಟರಿಗೆ 25 ಮಿಲಿ ಲೀಟರಿನವರೆಗಿನ ವ್ಯತ್ಯಾಸಕ್ಕೆ ಮಾತ್ರ ವಿನಾಯಿತಿ. ಕೇಳಲು ಸಂಕೋಚ ಪಡಬೇಕಾಗಿಲ್ಲ. ನಾನೇ ಕೇಳಿದ್ದೇನೆ, ಹುಡುಗರು ಮುಖ ಸಣ್ಣಗೆ ಮಾಡಿಕೊಂಡರೂ ಹಿಡಿದು ತೋರಿಸಿದರು, ಅಳತೆ ಸರಿಯಿತ್ತು.

ಲೀಟರಿನಷ್ಟೇ ಮುಖ್ಯ ಕಿಲೋಮೀಟರು. ಮೀಟರು ಎಣಿಸುವುದು ಚಕ್ರದ ಸುತ್ತನ್ನು. ನಮ್ಮಂಥ ಗಾಡಿಯ ಚಕ್ರ ಸುಮಾರು 700 ಮಿ.ಮೀ. ಎತ್ತರ. ಟೈರಿನ ಬಟನ್ ಆರು ಮಿ.ಮೀ. ಸವೆದರೆ ಎತ್ತರದಲ್ಲಿ ಹನ್ನೆರಡು ಮಿ.ಮೀ. ಹೋಯಿತು. ಆಗ ಮೀಟರು 400 ತೋರಿಸಿದಾಗ ಗಾಡಿ ನಿಜವಾಗಿ ಓಡಿರುವುದು ಸುಮಾರು 393. ಟೈರ್ ಹಾಕಿಸುವಾಗ ಸೈಜು ಬದಲಿಸಿದ್ದರಂತೂ ಲೆಕ್ಕ ಪೂರಾ ಬೇರೆ. ಕೋಲಾರ–ಮುಳಬಾಗಿಲು ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲುಗಳನ್ನು ನೋಡಿಕೊಂಡು ಇಪ್ಪತ್ತು ಕಿಲೋಮೀಟರ್ ಓಡಿಸಿ, ಮೀಟರು ಎಷ್ಟು ತೋರಿಸಿತು ನೋಡಿ. ಮೊಬೈಲಿನ ಮ್ಯಾಪಿನಲ್ಲೂ ನೋಡಬಹುದು. ಒಂದು ಸಲ ತಿಳಿದುಕೊಂಡು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟರೆ ಟೈರ್ ಬದಲಾಯಿಸುವ ತನಕ ಸಾಕು.

ಪುಸ್ತಕದಲ್ಲಿ ನಾನು ಹಾಕುವ ಮನೆಗಳು ಬಹಳ ಇಲ್ಲ. ತಾರೀಕು, ಮೀಟರು, ಲೀಟರು, ದುಡ್ಡು, ಲೋಡು ಎಷ್ಟು, ಖಾಲಿ ಎಷ್ಟು ದೂರ, ಕೊನೆಗೆ ಒಂದು ಮನೆ ‘ಏನಾಯಿತು’ ಅಂತ. ಅದರಲ್ಲಿ ಗಾಳಿ ಹೊಡೆಸಿದ್ದು, ಆಯಿಲ್ ಬದಲಿಸಿದ್ದು, ಎಪಿಎಂಸಿ ಗೇಟಿನಲ್ಲಿ ಸಾಲು ನಿಂತಿದ್ದು. ಆ ಕೊನೆಯ ಮನೆಯೇ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು.

ಲೋಡ್ ಬರೆಯದ ಮೈಲೇಜಿಗೆ ನಾನು ಬೆಲೆ ಕೊಡುವುದಿಲ್ಲ. ಕಾರಿನವರಿಗೆ ಸರಿ, ಅವರು ಹೊರುವುದು ನಾಲ್ಕು ಜನರನ್ನು. ನಮ್ಮ ಗಾಡಿ ಇರುವುದೇ ಹೊರಲು. ಕೋಲಾರದಲ್ಲಿ ಟೊಮೆಟೊ ಬಾಕ್ಸ್ ಎಂದರೆ 15 ಕೆ.ಜಿ. ಎಂಬತ್ತು ಬಾಕ್ಸ್ ಹಾಕಿದರೆ ಹಣ್ಣೇ 1,200 ಕೆ.ಜಿ., ಅದರ ಮೇಲೆ ಖಾಲಿ ಕ್ರೇಟುಗಳ ತೂಕ. ಪಾಸಿಂಗಿನ ಮಿತಿ ಅಲ್ಲಿಗೇ ಮುಗಿಯಿತು. ಆ ಲೋಡಿನಲ್ಲಿ ಹತ್ತು ಕೊಡುವ ಗಾಡಿ, ಖಾಲಿ ಓಡಿ ಹದಿಮೂರು ಕೊಡುವ ಗಾಡಿಗಿಂತ ಎಷ್ಟೋ ಮೇಲು. ಖಾಲಿ ಗಾಡಿಯ ಹದಿಮೂರಕ್ಕೆ ಯಾರೂ ಬಾಡಿಗೆ ಕೊಡುವುದಿಲ್ಲ. ಹಾಗೆಯೇ ನೂರು ಬಾಕ್ಸ್ ಹಾಕಿ ಒಂದೇ ಟ್ರಿಪ್ಪಿನಲ್ಲಿ ಮುಗಿಸಿದೆ ಎನ್ನುವವರಿಗೂ ಹೇಳುತ್ತೇನೆ, ಉಳಿದ ಡೀಸೆಲ್ಲಿಗಿಂತ ಹೆಚ್ಚು ದುಡ್ಡನ್ನು ಟೈರು, ಪಟ್ಟಿ, ಬ್ರೇಕ್ ತಿನ್ನುತ್ತವೆ. ತಿರುವಿನಲ್ಲಿ ಗಾಡಿ ಮಗುಚಿದರೆ ಎದುರಿಗೆ ಬರುವ ಸ್ಕೂಟರಿನವರ ಮನೆ ಹಾಳು.

ಇನ್ನು ಲೀಟರಿಗೆ ಎಷ್ಟು ಎಂಬ ಲೆಕ್ಕವನ್ನು ಸ್ವಲ್ಪ ತಿರುಗಿಸಿ ನೋಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ತಿಂಗಳಿಗೆ 2,000 ಕಿಲೋಮೀಟರ್ ಓಡುವ ಎರಡು ಗಾಡಿ ಇವೆ ಅಂದುಕೊಳ್ಳಿ. ಒಂದು 14 ಕೊಡುತ್ತಿತ್ತು, 15ಕ್ಕೆ ಏರಿತು. ಇನ್ನೊಂದು 8 ಕೊಡುತ್ತಿತ್ತು, 9ಕ್ಕೆ ಏರಿತು. ಎರಡರಲ್ಲೂ ಏರಿದ್ದು ಒಂದೇ. ಆದರೆ ಮೊದಲನೆಯದರಲ್ಲಿ ಉಳಿದದ್ದು ಒಂಬತ್ತೂವರೆ ಲೀಟರ್, ಎರಡನೆಯದರಲ್ಲಿ ಸುಮಾರು 28 ಲೀಟರ್. ಹೆಚ್ಚು ಕುಡಿಯುವ ಹಳೇ ಗಾಡಿಯಲ್ಲಿ ಸಣ್ಣ ರಿಪೇರಿಯೂ ದೊಡ್ಡ ದುಡ್ಡು. ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಬರೆದರೆ ಇದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಇದು ಹಳೆಯದು, ಇದರಲ್ಲಿ ಇನ್ನೇನು ಬರುತ್ತದೆ ಬಿಡಿ ಎಂದು ಕೈಚೆಲ್ಲುವವರು ದಯವಿಟ್ಟು ಈ ಲೆಕ್ಕವನ್ನು ಒಂದು ಸಲ ಮಾಡಿ ನೋಡಿ.

ನಮ್ಮ ಗಾಡಿ ಪುಸ್ತಕ ಶುರುವಾದಾಗ ಕೊಡುತ್ತಿದ್ದದ್ದು ಹನ್ನೊಂದರ ಹತ್ತಿರ. ಈಗ ಹನ್ನೆರಡೂವರೆಯ ಆಸುಪಾಸು. ತಿಂಗಳಿಗೆ 2,000 ಕಿಲೋಮೀಟರ್ ಎಂದರೆ 22 ಲೀಟರ್ ಉಳಿತಾಯ, 91 ರೂಪಾಯಿ ದರದಲ್ಲಿ ಸುಮಾರು 2,000 ರೂಪಾಯಿ. ಇದಕ್ಕಾಗಿ ನಾವು ಗಾಡಿಗೆ ಕಂಪನಿ ಕೊಡದ ಸಾಮಾನು ಏನೂ ಜೋಡಿಸಲಿಲ್ಲ.

ನಾವು ಸರಿಮಾಡಿದ್ದರಲ್ಲಿ ಮೊದಲನೆಯದು ಗಾಳಿ. ಹಿಂದಿನ ಟೈರಿಗೆ ಲೋಡ್ ಇರುವಾಗ ಎಷ್ಟು, ಮುಂದಿನದಕ್ಕೆ ಎಷ್ಟು ಎಂದು ಕಂಪನಿಯ ಪುಸ್ತಕದಲ್ಲಿ ಇರುತ್ತದೆ. ಕಣ್ಣಲ್ಲಿ ನೋಡಿ, ಕಾಲಲ್ಲಿ ಒದ್ದು ಗಾಳಿ ಅಳೆಯುವ ಪದ್ಧತಿ ನಿಲ್ಲಬೇಕು. ಒಂದು ಒಳ್ಳೆಯ ಗೇಜು ಕೊಂಡು ಡ್ಯಾಶ್‌ಬೋರ್ಡಿನಲ್ಲಿಟ್ಟು, ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಬೇಕು. ಗಾಳಿ ಕಡಿಮೆ ಇದ್ದ ಟೈರು ಪ್ರತಿ ಸುತ್ತಿನಲ್ಲೂ ಮಡಚಿ ಬಿಚ್ಚಿ ಕಾಯುತ್ತದೆ. ಆ ಕಾವು ನೀವು ಕೊಂಡ ಡೀಸೆಲ್ಲಿನದೇ.

ಎರಡನೆಯದು ಏರ್ ಫಿಲ್ಟರು. ಇದರಲ್ಲಿ ಕೆಜಿಎಫ್‌ನವರ ಕಷ್ಟ ಬೇರೆ ಊರಿನವರಿಗೆ ಗೊತ್ತಾಗುವುದಿಲ್ಲ. ಗಣಿಯಿಂದ ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬಗಳು ಊರ ತುಂಬ ನಿಂತಿವೆ, ಮೂರು ಕೋಟಿ ಟನ್ನಿಗೂ ಹೆಚ್ಚು. ಗಾಳಿ ಬೀಸುವ ತಿಂಗಳಲ್ಲಿ ಆ ನುಣ್ಣನೆ ದೂಳು ಮನೆಯೊಳಗಿನ ಪಾತ್ರೆಯ ಮೇಲೂ ಕೂರುತ್ತದೆ, ಗಾಡಿಯ ಫಿಲ್ಟರನ್ನು ಬಿಡುತ್ತದೆಯೇ. ಕಂಪನಿ ಹೇಳಿದ ಕಿಲೋಮೀಟರ್ ತನಕ ಕಾಯದೆ ನಮ್ಮವರು ಮೊದಲೇ ತೆಗೆದು ನೋಡುತ್ತಾರೆ. ಟರ್ಬೊ ಎಂಜಿನ್ನಿಗೆ ಉಸಿರು ಕಟ್ಟಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಏರಿನಲ್ಲಿ ಕಪ್ಪು ಹೊಗೆ ಬರುತ್ತದೆ, ಎಳೆತ ಇಲ್ಲವೆಂದು ಡ್ರೈವರು ಇನ್ನಷ್ಟು ಒತ್ತುತ್ತಾರೆ. ಆ ಕಪ್ಪು ಹೊಗೆ ಮಾರಿಕುಪ್ಪಂ, ಕೋರಮಂಡಲ್ ಕಡೆಯ ಲೈನ್ ಮನೆಗಳ ಬಾಗಿಲಿಗೇ ಹೋಗುತ್ತದೆ. ಸಿಲಿಕೋಸಿಸ್ ಎಂಬ ಕಾಯಿಲೆಯಲ್ಲಿ ಎದೆ ಕಳೆದುಕೊಂಡ ಗಣಿ ಕಾರ್ಮಿಕರ ಮನೆಗಳು ಅವು. ಅವರ ಮುಂದೆ ಹೊಗೆ ಬಿಡುತ್ತ ಹೋಗಲು ನಮಗೆ ಹಕ್ಕಿಲ್ಲ.

ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ನಮ್ಮ ಕಡೆ ಹಳೇ ಗಾಡಿಗಳಲ್ಲಿ ಮನೆಮಾಡಿರುವ ರೋಗ. ಒಂದು ಬೇಸಿಗೆಯಲ್ಲಿ ಎಂಜಿನ್ ಬಿಸಿಯಾಗುತ್ತಿದೆ ಎಂದು ತೋರಿಸಿದಾಗ ಮೆಕ್ಯಾನಿಕ್ ಒಬ್ಬರು ಥರ್ಮೋಸ್ಟಾಟ್ ವಾಲ್ವ್ ಕಿತ್ತು ಕೈಗೆ ಕೊಟ್ಟು, ಇದು ಬೇಡವೇ ಬೇಡ, ನಮ್ಮ ದೇಶದ ಬಿಸಿಲಿಗೆ ಇದಲ್ಲ ಎಂದರು. ಬಿಸಿಯಾಗುವುದು ನಿಂತಿತು, ಎಲ್ಲರಿಗೂ ಸಮಾಧಾನವಾಯಿತು. ಆದರೆ ಆಮೇಲಿನ ಚಳಿಗಾಲದ ಪುಟಗಳಲ್ಲಿ ಮೈಲೇಜ್ ಕುಸಿದಿತ್ತು. ಆ ವಾಲ್ವ್ ಇರುವುದು ಎಂಜಿನ್ ಬೇಗ ಕಾವಿಗೆ ಬರಲಿ, ಸುಮಾರು 80 ಡಿಗ್ರಿ ಆಗುವ ತನಕ ನೀರು ರೇಡಿಯೇಟರಿಗೆ ಹೋಗದಿರಲಿ ಎಂದು. ಟೊಮೆಟೊ ಗಾಡಿ ಹೊರಡುವುದು ನಸುಕಿನಲ್ಲಿ. ಕೋಲಾರದ ಡಿಸೆಂಬರಿನ ಚಳಿಯಲ್ಲಿ ವಾಲ್ವ್ ಇಲ್ಲದ ಎಂಜಿನ್ನು ಮಾರ್ಕೆಟ್ ತಲುಪುವ ಹೊತ್ತಿಗೂ ಸರಿಯಾಗಿ ಕಾದಿರುವುದಿಲ್ಲ. ತಣ್ಣನೆ ಎಂಜಿನ್ನು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ರೋಗ ಇದ್ದದ್ದು ಕಟ್ಟಿಕೊಂಡ ರೇಡಿಯೇಟರಿನಲ್ಲಿ. ಅದನ್ನು ತೊಳೆಸಿ, ಹೊಸ ವಾಲ್ವ್ ಹಾಕಿಸಿದೆವು. ಉಳಿದ ಡೀಸೆಲ್ಲಿನಲ್ಲಿ ಆ ಖರ್ಚು ಬೇಗ ಹುಟ್ಟಿತು. ನಿಮ್ಮ ಗಾಡಿಯಲ್ಲಿ ಆ ವಾಲ್ವ್ ಇದೆಯೇ ಎಂದು ಇವತ್ತೇ ಕೇಳಿ.

ಉಳಿದವು ಚಿಕ್ಕಪುಟ್ಟವು. ಜ್ಯಾಕ್ ಹಾಕಿ ಚಕ್ರವನ್ನು ಕೈಯಲ್ಲಿ ತಿರುಗಿಸಿದಾಗ ಸಲೀಸಾಗಿ ತಿರುಗದಿದ್ದರೆ ಬ್ರೇಕ್ ಹಿಡಿದಿದೆ ಎಂದರ್ಥ. ಡೀಸೆಲ್ ಫಿಲ್ಟರಿನ ಕೆಳಗಿನ ನೀರು ಆಗಾಗ ಬಿಡಬೇಕು. ಟರ್ಬೊ ಪೈಪು ಸೀಳಿದ್ದರೆ ಏರಿನಲ್ಲಿ ಸಿಳ್ಳೆ ಕೇಳುತ್ತದೆ. ನಾಝಲ್ ಹೋಗಿದೆ ಎಂದು ಮೊದಲೇ ಪಂಪ್ ಅಂಗಡಿಗೆ ಓಡಬೇಡಿ, ದುಬಾರಿ ಕೆಲಸ ಅದು. ಮೇಲಿನದೆಲ್ಲ ಸರಿಮಾಡಿದ ಮೇಲೂ ಪುಸ್ತಕದ ಅಂಕಿ ಏಳದಿದ್ದರೆ ಆಗ ಹೋಗಿ. ಮತ್ತೆ, ಒಂದು ಸಲಕ್ಕೆ ಒಂದೇ ರಿಪೇರಿ. ಎಲ್ಲವನ್ನೂ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಗುಣವಾಯಿತು ಎಂದು ಹೇಗೆ ತಿಳಿಯುವುದು?

ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ, ಶೇ 20 ಉಳಿತಾಯ ಗ್ಯಾರಂಟಿ ಎನ್ನುವ ಬಾಟಲಿ, ಇವುಗಳ ಬಗ್ಗೆ ಒಂದೇ ಮಾತು: ಕೊಳ್ಳಬೇಡಿ. ಶೇ 20 ಉಳಿಸುವ ಗುಳಿಗೆ ಇದ್ದಿದ್ದರೆ ಗಾಡಿ ಮಾಡುವ ಕಂಪನಿಯೇ ಅದನ್ನು ಮೊದಲು ಹಾಕಿ ಮಾರುತ್ತಿತ್ತು.

ವೇಗದ ಮಾತು ಮನೆಯಲ್ಲಿ ಜಗಳ ತರುವಂಥದ್ದು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ಹೊಸಕೋಟೆಯಿಂದ ಬೇತಮಂಗಲದ ಕಡೆಗಿನ ಸುಮಾರು 70 ಕಿಲೋಮೀಟರು 2024ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆದ ಮೇಲೆ ನಮ್ಮ ಕಡೆಯ ಪಿಕಪ್ಪುಗಳಿಗೂ ರೆಕ್ಕೆ ಬಂತು. ರಸ್ತೆ ಕನ್ನಡಿಯ ಹಾಗಿದೆ, ಕಾಲು ತಾನಾಗಿ ಇಳಿಯುತ್ತದೆ. ಆದರೆ ಪಿಕಪ್ಪಿನ ಮುಖ ಚಪ್ಪಟೆ, ಹಿಂದೆ ಕ್ರೇಟಿನ ಗೋಡೆ, ಮೇಲೆ ಪಟಪಟ ಹೊಡೆದುಕೊಳ್ಳುವ ಟಾರ್ಪಾಲು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅರವತ್ತರಿಂದ ಎಂಬತ್ತಕ್ಕೆ ಹೋದರೆ ವೇಗ ಏರುವುದು ಮೂರನೆಯ ಒಂದು ಭಾಗ, ಗಾಳಿಯ ತಡೆ ಏರುವುದು ಮುಕ್ಕಾಲು ಭಾಗಕ್ಕೂ ಹೆಚ್ಚು. ಬೆಂಗಳೂರಿಗೆ ಲೋಡ್ ಹೋದ ದಿನಗಳ ಪುಟದಲ್ಲಿ ಇದು ನೇರವಾಗಿ ಕಂಡಿತು. ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ, ಅಂದರೆ ಪಿಸಿಆರ್‌ಎ, ಬಹಳ ವರ್ಷದಿಂದ ಹೇಳುತ್ತಿರುವುದು ಗಂಟೆಗೆ 45ರಿಂದ 55ರ ವೇಗ. ಎಕ್ಸ್‌ಪ್ರೆಸ್‌ವೇಯಲ್ಲಿ ಅಷ್ಟು ನಿಧಾನ ಹೋದರೆ ಹಿಂದಿನವರಿಂದ ಅಪಾಯ. ಅಲ್ಲಿ ಎಡಗಡೆಯಲ್ಲಿ ಅರವತ್ತರ ಮೇಲೆ ಬಹಳ ಹೋಗಬೇಡಿ, ಅಥವಾ ಮಾಲೂರಿನ ಹಳೇ ರಸ್ತೆ ಹಿಡಿಯಿರಿ ಎಂಬುದು ನನ್ನ ಸಲಹೆ. ನಮ್ಮವರು ಇದನ್ನು ಒಪ್ಪಿದ್ದು ನನ್ನ ಮಾತಿಗಲ್ಲ, ಪುಸ್ತಕದ ಅಂಕಿಗೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವವರು ಮೊಗಿಲಿ ಘಾಟಿನಲ್ಲೂ ಹಾಗೇ ಇಳಿಯುತ್ತಾರೆ ಎಂದು ಕೇಳಿ ನನಗೆ ಭಯವಾಗುತ್ತದೆ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಹಾಕಿದರೆ ಐಡ್ಲಿಂಗಿಗೆ ಡೀಸೆಲ್ ಬೇಕು. ಅಂದರೆ ಉಳಿಯುವುದಿರಲಿ, ಖರ್ಚೇ ಆಗುತ್ತದೆ. ಎಂಜಿನ್ ಬಂದ್ ಮಾಡಿದರಂತೂ ಬ್ರೇಕಿನ ಬೂಸ್ಟರಿಗೆ ಬಲ ಇರುವುದಿಲ್ಲ, ಒಂದೂಕಾಲು ಟನ್ ಬೆನ್ನ ಮೇಲಿರುತ್ತದೆ. ಡೀಸೆಲ್ಲಿಗಾಗಿ ಯಾರೂ ಪ್ರಾಣ ಕೊಡಬಾರದು.

ಈಗ ನನಗೆ ಮುಖ್ಯವಾದ ವಿಷಯಕ್ಕೆ ಬರುತ್ತೇನೆ, ಬಾಡಿಗೆ. ಮೈಲೇಜ್ ಅಳೆಯುವುದು ಉಳಿತಾಯಕ್ಕೆ ಮಾತ್ರವಲ್ಲ, ಸರಿಯಾದ ಬಾಡಿಗೆ ಕೇಳುವ ಧೈರ್ಯಕ್ಕೂ ಹೌದು. ಹೋಗಿಬರುವುದು 70 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಹನ್ನೊಂದು ಕೊಡುವ ಗಾಡಿಗೆ ಡೀಸೆಲ್ ಸುಮಾರು 580 ರೂಪಾಯಿ, ಎಂಬತ್ತು ಬಾಕ್ಸಿಗೆ ಹಂಚಿದರೆ ಬಾಕ್ಸಿಗೆ ಏಳು ರೂಪಾಯಿ ಚಿಲ್ಲರೆ. ಒಂಬತ್ತು ಕೊಡುವ ಗಾಡಿಗೆ 700 ದಾಟುತ್ತದೆ, ಬಾಕ್ಸಿಗೆ ಒಂಬತ್ತರ ಹತ್ತಿರ. ಟೈರು, ಆಯಿಲ್ಲು, ಇನ್ಶೂರೆನ್ಸು, ಎಂಟು ವರ್ಷ ದಾಟಿದ ಗಾಡಿಗೆ ವರ್ಷವರ್ಷ ಬರುವ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು, ಡ್ರೈವರಿನ ಕೂಲಿ ಇವೆಲ್ಲ ಅದರ ಮೇಲೆ. ಇದನ್ನು ಕಾಗದದಲ್ಲಿ ತೋರಿಸಿದರೆ ರೈತರು ಅರ್ಥಮಾಡಿಕೊಳ್ಳುತ್ತಾರೆ, ನಾನು ಕಂಡಿದ್ದೇನೆ. 2023ರ ಜುಲೈನಲ್ಲಿ ಕೋಲಾರದಲ್ಲಿ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿದಾಗ ಬಾಡಿಗೆಯನ್ನು ಯಾರೂ ಚೌಕಾಸಿ ಮಾಡಲಿಲ್ಲ. ರೇಟು ಬಿದ್ದು ಹಣ್ಣನ್ನು ರಸ್ತೆ ಬದಿಗೆ ಸುರಿಯುವ ದಿನಗಳಲ್ಲಿ ಬಾಕ್ಸಿಗೆ ಎರಡು ರೂಪಾಯಿಯೂ ದೊಡ್ಡದು. ಆ ದಿನಗಳಲ್ಲಿ ತನ್ನ ಖರ್ಚು ಗೊತ್ತಿಲ್ಲದ ಗಾಡಿಯವರು ಪಕ್ಕದವರಿಗಿಂತ ನೂರು ಕಡಿಮೆಗೆ ಒಪ್ಪಿಕೊಂಡು ಹೋಗುತ್ತಾರೆ. ಅವರು ಮುಳುಗುವುದಲ್ಲದೆ ನಿಂತವರೆಲ್ಲರ ರೇಟನ್ನೂ ಇಳಿಸುತ್ತಾರೆ. ಬೆಳೆದವರೂ ಸೋತು, ಹೊತ್ತವರೂ ಸೋತು, ಗೆಲ್ಲುವವರು ಬೇರೆ ಯಾರೋ.

ಖಾಲಿ ವಾಪಸ್ ಬರುವುದು ಎಲ್ಲಕ್ಕಿಂತ ದೊಡ್ಡ ಸೋರಿಕೆ. ಯಾವ ಫಿಲ್ಟರು, ಯಾವ ವಾಲ್ವು ಉಳಿಸುವ ಡೀಸೆಲ್ಲಿಗಿಂತ ಒಂದು ವಾಪಸ್ ಲೋಡ್ ಹೆಚ್ಚು ಉಳಿಸುತ್ತದೆ. ಕೋಲಾರದಿಂದ ಬಂಗಾರಪೇಟೆ, ಕೆಜಿಎಫ್ ಕಡೆಗೆ ಸಿಮೆಂಟು, ಗೊಬ್ಬರ, ದಿನಸಿ ದಿನಾ ಬರುತ್ತವೆ, ಬೇರೆ ಗಾಡಿಗಳಲ್ಲಿ, ಆ ಗಾಡಿಗಳೂ ಒಂದು ಕಡೆ ಖಾಲಿ. ಸ್ಟ್ಯಾಂಡಿನವರು ಸೇರಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡರೂ ಸಾಕು.

ಸರ್ಕಾರದಿಂದ, ಬಂಕಿನವರಿಂದ ನಾವು ಕೇಳಬೇಕಾದ್ದೂ ಇದೆ. ಬಂಕಿನಲ್ಲಿ ಉಚಿತ ಗಾಳಿ ಕೊಡುವುದು ಅವರ ಕರ್ತವ್ಯ. ನಮ್ಮ ಕಡೆಯ ಎಷ್ಟೋ ಬಂಕುಗಳಲ್ಲಿ ಆ ಯಂತ್ರ ಕೆಟ್ಟು ನಿಂತಿರುತ್ತದೆ, ಇಲ್ಲವೇ ಅದರ ಅಂಕಿಗೂ ನಮ್ಮ ಗೇಜಿಗೂ ತಾಳೆಯಾಗುವುದಿಲ್ಲ. ಕಂಪನಿಗಳ ಅಧಿಕಾರಿಗಳು ತಪಾಸಣೆಗೆ ಬಂದಾಗ ಡೀಸೆಲ್ ಅಳತೆಯ ಜೊತೆ ಗಾಳಿಯ ಅಳತೆಯನ್ನೂ ನೋಡಲಿ. ಎಪಿಎಂಸಿಯ ಬಾಗಿಲಲ್ಲಿ ಎಂಜಿನ್ ಉರಿಸಿಕೊಂಡು ಅಂಗುಲ ಅಂಗುಲ ಸರಿಯುವ ಸಾಲಿದೆಯಲ್ಲ, ನಮ್ಮಂಥ ಎಂಜಿನ್ನು ನಿಂತಲ್ಲೇ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಕುಡಿಯುತ್ತದೆ. ಸರದಿ ಚೀಟಿ ಕೊಟ್ಟರೆ ಗಾಡಿ ಬಂದ್ ಮಾಡಿ ಕಾಯಬಹುದು. ಪಿಸಿಆರ್‌ಎಯವರು ಡ್ರೈವರುಗಳಿಗೆ ತರಬೇತಿ ಕೊಡುತ್ತಾರೆ. ಆ ತರಬೇತಿ ಬಂಗಾರಪೇಟೆಯ ಗಾಡಿ ಸ್ಟ್ಯಾಂಡಿಗೆ, ಕೋಲಾರದ ಮಾರ್ಕೆಟ್ಟಿಗೆ, ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರಲಿ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನಿಂದ ಬರುವಾಗ ಇದು ನಮ್ಮ ಮನೆಯ ಲಾಭ ಮಾತ್ರವಲ್ಲ.

ಹಳೇ ಗಾಡಿಗಳನ್ನು ಗುಜರಿಗೆ ಹಾಕುವ ನೀತಿ 2021ರಲ್ಲಿ ಬಂದಾಗಿನಿಂದ ಹದಿನೈದು ವರ್ಷ ಎಂಬ ಮಾತು ನಮ್ಮಂಥವರ ತಲೆಯ ಮೇಲೆ ತೂಗುತ್ತಿದೆ. ಹೊಗೆ ಬಿಡುವ, ಬ್ರೇಕ್ ಹಿಡಿಯದ ಗಾಡಿ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷ ಎಣಿಸಿ ಹಾಕಬೇಡಿ, ಪರೀಕ್ಷೆ ಮಾಡಿ ಹಾಕಿ. ನೋಡಿಕೊಂಡ ಹದಿನಾಲ್ಕು ವರ್ಷದ ಗಾಡಿ ನೋಡಿಕೊಳ್ಳದ ಆರು ವರ್ಷದ ಗಾಡಿಗಿಂತ ಕಡಿಮೆ ಕುಡಿಯುತ್ತದೆ ಎಂದು ತೋರಿಸಲು ನಮ್ಮ ಹತ್ತಿರ ಪುಸ್ತಕ ಇರಬೇಕು. ಇಲ್ಲದಿದ್ದರೆ ನಮ್ಮ ಮಾತನ್ನು ಯಾರು ಕೇಳುತ್ತಾರೆ?

ಗಾಡಿ ಇರುವ ಮನೆಯ ಹೆಣ್ಣುಮಕ್ಕಳಿಗೆ, ಕಾಲೇಜಿಗೆ ಹೋಗುವ ಮಕ್ಕಳಿಗೆ ನನ್ನ ಕೇಳಿಕೆ ಇದು. ರಾತ್ರಿ ಬಂದ ಡ್ರೈವರಿಗೆ ಬರೆಯುವ ತ್ರಾಣ ಇರುವುದಿಲ್ಲ, ಬರೆಯುವ ಕೆಲಸ ನೀವು ತೆಗೆದುಕೊಳ್ಳಿ. ಒಂದು ನೋಟ್‌ಬುಕ್ಕು, ಒಂದು ಪೆನ್ನು ಸಾಕು. ಮುಂದಿನ ಸಲ ಟ್ಯಾಂಕ್ ಫುಲ್ ಮಾಡಿಸಿದಾಗ ಬಿಲ್ ತರಲು ಹೇಳಿ, ಮೀಟರಿನ ಫೋಟೊ ತೆಗೆದು ಕಳಿಸಲು ಹೇಳಿ, ಬರೆದಿಡಿ. ಮೂರು ನಾಲ್ಕು ಟ್ಯಾಂಕ್ ಆಗುವ ತನಕ ಏನೂ ರಿಪೇರಿ ಮಾಡಿಸಬೇಡಿ, ಬರೀ ಬರೆಯಿರಿ. ಆಮೇಲೆ ಗಾಳಿಯಿಂದ ಶುರುಮಾಡಿ.